ಮೊದಲು ರಿಪೇರಿಯವರನ್ನು ಹುಡುಕು, ವಾಚು ಆಮೇಲೆ

ಕಳೆದ ತಿಂಗಳು ರಾತ್ರಿ 11 ಗಂಟೆಗೆ ಅಕ್ಕನ ಮಗ ಒಂದು ಫೋಟೋ ಕಳಿಸಿದ. ಒಮೆಗಾ ಅನ್ನುವ ಸ್ವಿಸ್ ಕಂಪನಿಯ ವಾಚು. ನೀಲಿ ಡಯಲ್ಲು, ಅದರ ಮೇಲೆ ಕೆಂಪು ಅಂಕಿ, ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುವ ಕೇಸು. ಕೆಳಗೆ ಬರೆದಿದ್ದ: "ಮಾಮ, 1960ರ ಹೊತ್ತಿನದಂತೆ. 18 ಸಾವಿರ ಹೇಳ್ತಿದಾರೆ. ತಗೊಳ್ಳಲಾ?" ಅವನಿಗೆ ಮೊದಲ ಸಂಬಳ ಬಂದು ಒಂದು ವಾರವೂ ಆಗಿರಲಿಲ್ಲ.

ಬೇಡ ಅಂದೆ. ಯಾಕೆ ಅಂದ. ಭಾನುವಾರ ಮನೆಗೆ ಬಾ, ತೋರಿಸ್ತೀನಿ ಅಂದೆ.

ಬಂದ. ಬೀರುವಿನ ಡ್ರಾಯರ್‌ನಿಂದ ನನ್ನ ಮೊದಲ 'ಸ್ವಿಸ್' ವಾಚನ್ನು ತೆಗೆದು ಅವನ ಕೈಗೆ ಕೊಟ್ಟೆ. ಕಿತ್ತಳೆ ಬಣ್ಣದ ಡಯಲ್ಲು. ಅದರ ಮೇಲೆ ದಪ್ಪಕ್ಷರದಲ್ಲಿ ಫಾವ್ರೆ ಲ್ಯೂಬಾ ಅಂತ ಸ್ವಿಸ್ ಕಂಪನಿಯ ಹೆಸರು. ಸುಮಾರು ಹದಿನೈದು ವರ್ಷದ ಹಿಂದೆ ಒಂದು ರಸ್ತೆಬದಿಯಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿಟ್ಟಿದ್ದ ನೂರಾರು ವಾಚುಗಳ ನಡುವೆ ಅದು ನನ್ನನ್ನು ಕರೆದಿತ್ತು. 2,200 ರೂಪಾಯಿ. "ಒರಿಜಿನಲ್ ಸ್ವಿಸ್ ಸಾರ್, ಕಿವಿಗಿಟ್ಟು ಕೇಳಿ" ಅಂದ ಮಾರುವವನು. ಕೇಳಿದೆ. ಟಿಕ್ ಟಿಕ್ ಅಂತಿತ್ತು. ಅಲುಗಾಡಿಸಿದರೆ ಐದು ನಿಮಿಷ ಟಿಕ್ ಅನ್ನದ ವಾಚು ಯಾವುದೂ ಇಲ್ಲ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಒಂಬತ್ತನೇ ದಿನ ನಿಂತುಹೋಯಿತು. ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಮೆಟ್ಟಿಲ ಕೆಳಗೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೀತಾರೆ, ನಾನೂ ಹಾಗೇ. ಅವರು ಹಿಂದಿನ ಮುಚ್ಚಳ ತೆಗೆದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎರಡು ಸೆಕೆಂಡು ನೋಡಿದರು. ನಕ್ಕರು. ಒಳಗಿದ್ದ ಮಷೀನಿನ ಮೇಲೆ ಬೇರೆಯದೇ ಕಂಪನಿಯ ಹೆಸರಿತ್ತು. ಡಯಲ್ಲಿನ ಹಿಂಭಾಗದಲ್ಲಿ ಎರಡು ಪುಟ್ಟ ಕಾಲು ಇರುತ್ತವೆ, ಅವು ಮಷೀನಿನ ತೂತಿಗೆ ಕೂರಬೇಕು. ಇದರಲ್ಲಿ ಆ ಕಾಲುಗಳನ್ನು ಕತ್ತರಿಸಿ ಡಯಲ್ಲನ್ನು ಗಮ್ಮಿನಿಂದ ಅಂಟಿಸಿದ್ದರು. "ಹೆಸರು ಒಬ್ಬರದು, ಹೊಟ್ಟೆ ಇನ್ನೊಬ್ಬರದು ಸಾರ್" ಅಂದರು ಭಾಯ್.

ನೀರಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡೋದು ಅಂತಾರಲ್ಲ, ಹಳೇ ವಾಚಿನ ವ್ಯಾಪಾರ ಅದೇ. ಮುಚ್ಚಳ ತೆಗೆಯುವವರೆಗೂ ಕೊಂಬು ಮಾತ್ರ ಕಾಣುತ್ತಿರುತ್ತದೆ.

ಇಂಥ ವಾಚುಗಳಿಗೆ ಪ್ರಪಂಚದ ಸಂಗ್ರಾಹಕರ ನಡುವೆ ಒಂದು ಅಡ್ಡಹೆಸರೇ ಇದೆ. ಮುಂಬೈ ಸ್ಪೆಷಲ್. ಕೇಳಿದಾಗ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅದರ ಹಿಂದಿನ ಕತೆ ತಿಳಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು.

ನಮ್ಮ ದೇಶದಲ್ಲಿ ಹಳೇ ಸ್ವಿಸ್ ವಾಚು ಇಷ್ಟೊಂದು ಸಿಗುವುದಕ್ಕೆ ಕಾರಣ ಇದೆ. ವೆಸ್ಟ್ ಎಂಡ್ ವಾಚ್ ಕಂಪನಿ ಶುರುವಾಗಿದ್ದೇ ಬಾಂಬೆಯಲ್ಲಿ, 1886ರಲ್ಲಿ. ವಾಚು ತಯಾರಾಗುತ್ತಿದ್ದದ್ದು ಸ್ವಿಟ್ಜರ್‌ಲೆಂಡಿನಲ್ಲಿ, ಮಾರಾಟ ಇಲ್ಲಿ. ಅವರ ಹೆಸರುವಾಸಿ ವಾಚಿನ ಹೆಸರು ಸೋವಾರ್, ಅಂದರೆ ನಮ್ಮ ಸವಾರ. ಫಾವ್ರೆ ಲ್ಯೂಬಾದ ಬೇರು ಸ್ವಿಟ್ಜರ್‌ಲೆಂಡಿನ ಲೆ ಲಾಕ್ಲ್ ಊರಿನಲ್ಲಿ, 1737ರಲ್ಲಿದೆ. ಆದರೆ 19ನೇ ಶತಮಾನದಿಂದಲೇ ಅವರಿಗೆ ಬಾಂಬೆಯ ನಂಟು. ನಮ್ಮ ಅಜ್ಜಂದಿರ ಕಾಲದಲ್ಲಿ ಮದುವೆಗೆ ಅಳಿಯನಿಗೆ ಕೊಡುತ್ತಿದ್ದ 'ಫೇವರ್‌ಲೂಬಾ' ಅದೇ. ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು, ವಾಚು ಮಾತ್ರ ಒಂದೇ.

ಸ್ವಾತಂತ್ರ್ಯ ಬಂದ ಮೇಲೆ ಆಮದಿಗೆ ಕಡಿವಾಣ ಬಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ನಮ್ಮ ಬೆಂಗಳೂರಿನಲ್ಲೇ ಎಚ್‌ಎಂಟಿ ವಾಚು ತಯಾರಾಗತೊಡಗಿತು. ಹೊರಗಿನ ವಾಚು ಬರುವ ದಾರಿ ಕಿರಿದಾಯಿತು, ಕಳ್ಳಸಾಗಣೆಯ ವಾಚಿಗೆ ಬೆಲೆ ಏರಿತು. ಆದರೆ ಮನೆಮನೆಗಳಲ್ಲಿ ಆಗಲೇ ಇದ್ದ ಸ್ವಿಸ್ ವಾಚುಗಳು ಕೆಡುವುದನ್ನು ನಿಲ್ಲಿಸಲಿಲ್ಲ, ಅಲ್ವಾ? ಬಿಡಿಭಾಗ ಸಿಗುವುದು ಕಷ್ಟ. ಆಗ ರಿಪೇರಿಯವರು ಏನು ಮಾಡಬೇಕು? ಸತ್ತ ವಾಚಿನ ಚಕ್ರ ತೆಗೆದು ಬದುಕಿರುವ ವಾಚಿಗೆ ಹಾಕಿದರು. ಸಿಕ್ಕ ಮುಳ್ಳನ್ನು ಕೂರಿಸಿದರು. ಮಳೆಗಾಲದ ತೇವಕ್ಕೆ ಡಯಲ್ಲು ಕಲೆಗಟ್ಟಿದರೆ ಅದಕ್ಕೆ ಹೊಸದಾಗಿ ಬಣ್ಣ ಹೊಡೆದು, ಹೆಸರು ಅಚ್ಚೊತ್ತಿ ಕೊಟ್ಟರು. ಮಾಲೀಕರಿಗೂ ಅದೇ ಬೇಕಿತ್ತು. ವಾಚು ಓಡಬೇಕು, ಹೊಸದರ ಹಾಗೆ ಕಾಣಬೇಕು.

ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಇವತ್ತು ಅದೇ ಕೈಚಳಕದಿಂದ ಮೂರು ವಾಚಿನ ಭಾಗ ಸೇರಿಸಿ, ಅದಕ್ಕೆ ಕಿತ್ತಳೆ ಬಣ್ಣ ಬಳಿದು, ತಿಳಿಯದವನಿಗೆ 'ಒರಿಜಿನಲ್' ಅಂತ ಮಾರುವುದರ ಬಗ್ಗೆ ಇಲ್ಲ.

ಆದ್ದರಿಂದ ಮೊದಲ ವಾಚು ಕೊಳ್ಳುವವನಿಗೆ ಡಯಲ್ಲು ನೋಡುವುದನ್ನು ಕಲಿಸುವುದರಲ್ಲೇ ನಾನು ಹೆಚ್ಚು ಹೊತ್ತು ಕಳೆಯುತ್ತೇನೆ. ಹಳೇ ವಾಚಿನ ಬೆಲೆ ಜಾಸ್ತಿ ನಿಂತಿರುವುದು ಅದರ ಮೇಲೇ. ಮಷೀನು ಕೆಟ್ಟರೆ ರಿಪೇರಿ ಮಾಡಬಹುದು. ಗಾಜು ಹೊಸದು ಹಾಕಬಹುದು. ಬೆಲ್ಟ್ ಅಂತೂ ಯಾವಾಗ ಬೇಕಾದರೂ ಬದಲಿಸಬಹುದು. ಕಾರ್ಖಾನೆಯಲ್ಲಿ ಅಚ್ಚಾದ ಡಯಲ್ಲು ಮಾತ್ರ ಒಂದು ಸಲ ಅಳಿಸಿಹೋದರೆ ಹೋಯಿತು.

ನಮ್ಮ ಹುಡುಗನ ಫೋಟೋವನ್ನೇ ದೊಡ್ಡದು ಮಾಡಿ ನೋಡಿದೆವು. ಅಕ್ಷರದ ಅಂಚು ನೋಡು ಅಂದೆ. ಮಸಿ ಹೀರುವ ಕಾಗದದ ಮೇಲೆ ಬರೆದ ಹಾಗೆ ಅಂಚು ಹರಡಿತ್ತು. ಕಾರ್ಖಾನೆಯ ಅಚ್ಚು ಭೂತಗನ್ನಡಿಯಲ್ಲಿ ನೋಡಿದರೂ ಕತ್ತರಿಸಿಟ್ಟ ಹಾಗೆ ಚೂಪಾಗಿರುತ್ತದೆ. ಅಂಚಿನಲ್ಲಿರುವ ನಿಮಿಷದ ಗೆರೆಗಳನ್ನು ಎಣಿಸು ಅಂದೆ. ಎರಡು ಗಂಟೆಯ ಗುರುತಿನ ಎದುರಿಗೆ ಹತ್ತನೇ ನಿಮಿಷದ ಗೆರೆ ಇರಬೇಕು, ಇದರಲ್ಲಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಆರು ಗಂಟೆಯ ಕೆಳಗೆ, ಡಯಲ್ಲಿನ ತೀರಾ ಅಂಚಿನಲ್ಲಿ, ಇರುವೆ ಸಾಲಿನ ಹಾಗೆ ಸ್ವಿಸ್ ಅಂತಲೋ ಸ್ವಿಸ್ ಮೇಡ್ ಅಂತಲೋ ಸಾಮಾನ್ಯವಾಗಿ ಇರುತ್ತದೆ. ಇದರಲ್ಲಿ ಇಲ್ಲವೇ ಇಲ್ಲ. ಆ ಕಾಲದ ಎಷ್ಟೋ ಒಮೆಗಾಗಳಲ್ಲಿ ಕಂಪನಿಯ ಗುರುತು ಲೋಹದ್ದು, ಬೇರೆಯಾಗಿ ಮಾಡಿ ಕೂರಿಸಿದ್ದು. ಇದರಲ್ಲಿ ಅದಕ್ಕೂ ಬಣ್ಣವೇ. ಇನ್ನು ಆ ನೀಲಿ, ಆ ಕೆಂಪು! 60ರ ಹೊತ್ತಿನ ಸಾಮಾನ್ಯ ಒಮೆಗಾ ಬೆಳ್ಳಿ ಬಣ್ಣ, ಕೆನೆ ಬಣ್ಣ, ಕಪ್ಪು, ಹೀಗೆ ಮೆತ್ತಗೆ ಇರುತ್ತಿತ್ತು. ಜಾತ್ರೆಯ ಬಲೂನಿನ ಬಣ್ಣ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವುದು ಒಳ್ಳೆಯದು.

"ಹಾಗಾದರೆ ಕಲೆಯಾಗಿರೋದನ್ನೇ ತಗೋಬೇಕಾ?" ಅಂದ, ಮುಖ ಸಪ್ಪಗೆ ಮಾಡಿಕೊಂಡು. ಹೌದು ಅಂದೆ. ಅರವತ್ತು ವರ್ಷದ ಡಯಲ್ಲಿಗೆ ಅರವತ್ತು ವರ್ಷ ಆಗಿರಲಿ. ಬಿಳಿ ಬಣ್ಣ ಹಳದಿಗೆ ತಿರುಗಿರಲಿ, ಅಂಚಿನಲ್ಲಿ ಎರಡು ಚುಕ್ಕೆ ಇರಲಿ. ತುಕ್ಕು ಹಿಡಿದು ಉದುರುತ್ತಿದ್ದರೆ ಬೇಡ. ನೀರು ಒಳಗೆ ಹೋಗಿದೆ ಅಂತ ಅರ್ಥ, ಮಷೀನೂ ತುಕ್ಕು ತಿಂದಿರುತ್ತದೆ.

ಆಮೇಲೆ ಕೇಸು. ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಬೆಲ್ಟ್ ಸಿಕ್ಕಿಸುವ ನಾಲ್ಕು ಕಿವಿಗಳು ಒಂದೇ ಸಮ ಇವೆಯಾ, ಅವುಗಳ ಅಂಚು ಇನ್ನೂ ಉಳಿದಿದೆಯಾ ನೋಡಬೇಕು. ಪಾಲಿಷ್ ಹಾಕಿ ಹಾಕಿ ಕೆಲವು ಕೇಸು ನೆಕ್ಕಿದ ಬೆಲ್ಲದ ಅಚ್ಚಿನ ಹಾಗಾಗಿರುತ್ತವೆ. ಹಿಂದೆ ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್ ಅಂತ ಕೆತ್ತಿದ್ದರೆ ಹಿಂದಿನ ಮುಚ್ಚಳ ಮಾತ್ರ ಸ್ಟೀಲು ಅಂತ ತಿಳಿಯಬೇಕು. ಉಳಿದದ್ದು ಹಿತ್ತಾಳೆಯ ಮೇಲೆ ಕ್ರೋಮ್ ಅಥವಾ ಚಿನ್ನದ ಲೇಪ ಆಗಿರಬಹುದು. ಬೆವರಿಗೆ ಆ ಲೇಪ ಕಿತ್ತುಬರುತ್ತದೆ. ಮೊದಲನೆಯದಕ್ಕೆ ಪೂರ್ತಿ ಸ್ಟೀಲಿನದೇ ಇರಲಿ. ಅಳತೆ ಸಣ್ಣದಿರುತ್ತದೆ, 33ರಿಂದ 36 ಮಿಲಿಮೀಟರ್. ಈಗಿನ ತಟ್ಟೆಯಂಥ ವಾಚು ಕಟ್ಟಿ ಅಭ್ಯಾಸ ಆದವರಿಗೆ ಮೊದಲ ವಾರ ಮಕ್ಕಳ ವಾಚು ಕಟ್ಟಿಕೊಂಡ ಹಾಗನಿಸುತ್ತದೆ. ಎರಡನೇ ವಾರಕ್ಕೆ ಸರಿಹೋಗುತ್ತದೆ.

ಮಷೀನಿನ ಫೋಟೋ ಕೊಡಿ ಅಂತ ಹುಡುಗ ಮಾರುವವರನ್ನು ಕೇಳಿದ್ದನಂತೆ. "ಮುಚ್ಚಳ ತೆಗೆದರೆ ಒಳಗೆ ಧೂಳು ಹೋಗುತ್ತೆ" ಅಂದರಂತೆ. ಅಲ್ಲಿಗೆ ಮುಗಿಯಿತು. ಒಳಗಿನ ಫೋಟೋ ಕೊಡದವರ ಹತ್ತಿರ ಹಳೇ ವಾಚು ಕೊಳ್ಳಬಾರದು. ಬೇರೆ ಯಾವ ನಿಯಮ ಮುರಿದರೂ ಇದನ್ನು ಮಾತ್ರ ಮುರಿಯಬೇಡ ಅಂದೆ. 50, 60ರ ದಶಕದ ಒಮೆಗಾ ಮಷೀನುಗಳಿಗೆ ತಾಮ್ರದ ಬಣ್ಣ, ನೋಡಿದ ತಕ್ಷಣ ಗೊತ್ತಾಗುತ್ತದೆ. ಅದರ ಮೇಲೆ ಕಂಪನಿಯ ಹೆಸರು, ಮಷೀನಿನ ನಂಬರು, ಎಷ್ಟು ಜುವೆಲ್ ಅನ್ನುವುದು, ಎಲ್ಲ ಕೆತ್ತಿರುತ್ತದೆ. ಸೀರಿಯಲ್ ನಂಬರಿನಿಂದ ಯಾವ ಕಾಲದ್ದು ಅಂತ ಹೆಚ್ಚುಕಮ್ಮಿ ತಿಳಿಯಬಹುದು. ಡಯಲ್ಲು, ಮಷೀನು, ಮುಚ್ಚಳದ ಒಳಮೈ, ಮೂರೂ ಕಡೆ ಒಂದೇ ಹೆಸರಿದ್ದರೆ ಅರ್ಧ ಚಿಂತೆ ಕಳೆಯಿತು.

ಜುವೆಲ್ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. 17 ಜುವೆಲ್ ಅಂತ ಬರೆದಿದ್ದರೆ ಒಳಗೆ ನಿಧಿ ಇದೆ ಅಂತ ನಮ್ಮ ಅಪ್ಪ ನಂಬಿದ್ದರು. ಅವು ಕೃತಕ ಮಾಣಿಕ್ಯ. ಚಕ್ರದ ಅಚ್ಚು ತಿರುಗುವ ಕಡೆ ಲೋಹ ಸವೆಯಬಾರದು ಅಂತ ಹಾಕಿರುತ್ತಾರೆ. ಕೈಯಿಂದ ಕೀ ಕೊಡುವ ಸಾಮಾನ್ಯ ವಾಚಿಗೆ 17 ಇದ್ದರೆ ಎಲ್ಲ ಮುಖ್ಯ ಜಾಗಕ್ಕೂ ಸಾಕು. ಅದಕ್ಕಿಂತ ಜಾಸ್ತಿ ಇದ್ದ ಮಾತ್ರಕ್ಕೆ ವಾಚು ಒಳ್ಳೆಯದು ಅಂತೇನಿಲ್ಲ.

ಇನ್ನೊಂದು ಗುಟ್ಟು. ಸ್ವಿಸ್ ಕಂಪನಿಗಳಲ್ಲಿ ಎಷ್ಟೋ ಜನ ಮಷೀನು ತಾವೇ ಮಾಡುತ್ತಿರಲಿಲ್ಲ. ಎ. ಶಿಲ್ಡ್, ಫಾಂಟೆನ್‌ಮೆಲಾನ್, ಪೆಸೋ, ಯೂನಿಟಾಸ್, ಇಟಿಎ ಅಂತ ಮಷೀನು ತಯಾರಿಸುವವರೇ ಬೇರೆ ಇದ್ದರು. ಅವರಿಂದ ಕೊಂಡು, ಒಪ್ಪ ಮಾಡಿ, ತಮ್ಮ ಕೇಸಿನಲ್ಲಿ ಕೂರಿಸಿ ಮಾರುತ್ತಿದ್ದರು. ಇದನ್ನು ಕೇಳಿ ಹುಡುಗನಿಗೆ ನಿರಾಸೆಯಾಯಿತು. ಹೊಸಬನಿಗೆ ಇದು ಖುಷಿಯ ವಿಷಯ ಅಂತ ನಾನು ಹೇಳುತ್ತೇನೆ. ಒಂದೇ ಮಷೀನು ಹತ್ತಾರು ಹೆಸರಿನ ವಾಚಿನಲ್ಲಿದ್ದರೆ ಅದರ ಬಿಡಿಭಾಗ ಈಗಲೂ ಸಿಗುತ್ತದೆ, ಅದನ್ನು ಬಿಚ್ಚಿ ಜೋಡಿಸಿ ಗೊತ್ತಿರುವ ಕೈಗಳೂ ಸಿಗುತ್ತವೆ. ಫಾವ್ರೆ ಲ್ಯೂಬಾ 1960ರ ದಶಕದಲ್ಲಿ ಎರಡು ಬ್ಯಾರೆಲ್‌ಗಳ, ಅಂದರೆ ಸ್ಪ್ರಿಂಗು ಸುತ್ತಿಡುವ ಎರಡು ಡಬ್ಬಿಗಳ, ತೆಳುವಾದ ಮಷೀನು ತಾನೇ ಮಾಡಿತು. ಸ್ಪ್ರಿಂಗಿನ ಬಲವನ್ನು ಎರಡಕ್ಕೆ ಹಂಚಿ ಓಟ ಸಮ ಇಡುವ ಜಾಣತನ ಅದು. ನೋಡಲು ಚೆಂದ. ಆದರೆ ಅದರ ಒಂದು ಭಾಗ ಮುರಿದಾಗ ಭಾಯ್ ಮೂರು ತಿಂಗಳು ಹುಡುಕಿದ್ದು ನನಗೆ ನೆನಪಿದೆ.

ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚು ಇರುವ ವಾಚು, ಮೊದಲನೆಯದಕ್ಕೆ ಬೇಡವೇ ಬೇಡ. ಅದರ ಒಂದು ಸರ್ವಿಸಿನ ಖರ್ಚಿನಲ್ಲಿ ಸಾದಾ ವಾಚು ಇನ್ನೊಂದು ಬರುತ್ತದೆ.

ಓಟ ಪರೀಕ್ಷಿಸಲು ರಿಪೇರಿಯವರ ಹತ್ತಿರ ಟೈಮ್‌ಗ್ರಾಫರ್ ಅನ್ನುವ ಯಂತ್ರ ಇರುತ್ತದೆ. ವಾಚಿನ ಸದ್ದು ಕೇಳಿಸಿಕೊಂಡು ಮೂರು ಲೆಕ್ಕ ಹೇಳುತ್ತದೆ. ದಿನಕ್ಕೆ ಎಷ್ಟು ಸೆಕೆಂಡು ಹಿಂದೆ ಮುಂದೆ, ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮ ಇದೆಯಾ, ಒಳಗೆ ಲೋಲಕದ ಹಾಗೆ ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತಿದೆ. ಹೊಸಬರೆಲ್ಲ ಮೊದಲನೆಯದನ್ನೇ ನೋಡುತ್ತಾರೆ. ನಾನು ಮೂರನೆಯದನ್ನು ನೋಡು ಅಂತೀನಿ. ಪೂರ್ತಿ ಕೀ ಕೊಟ್ಟು ಅಂಗಾತ ಮಲಗಿಸಿದಾಗ 250 ಡಿಗ್ರಿಗಿಂತ ಮೇಲಿದ್ದರೆ ಹಳೇ ವಾಚಿಗೆ ಒಳ್ಳೆಯ ಆರೋಗ್ಯ. 200ಕ್ಕಿಂತ ಕೆಳಗಿದ್ದರೆ ಎಣ್ಣೆ ಒಣಗಿದೆ, ಬಿಚ್ಚಿ ತೊಳೆಯಲೇಬೇಕು. "ಸರ್ವಿಸ್ ಆಗಿದೆ" ಅಂತ ಮಾರುವವರು ಹೇಳುವ ಮಾತಿಗೆ ನಾನು ಬೆಲೆ ಕಟ್ಟುವುದಿಲ್ಲ. ಸುಮ್ನೆ ಒಂದು ಹನಿ ಎಣ್ಣೆ ಬಿಟ್ಟು ಮುಚ್ಚುವುದಕ್ಕೂ ಸರ್ವಿಸ್ ಅಂತಲೇ ಹೆಸರು.

ಹೀಗಾಗಿ ನನ್ನ ಲೆಕ್ಕ ಒಂದೇ. ಕೈಯಲ್ಲಿ 18 ಸಾವಿರ ಇದ್ದರೆ ವಾಚಿಗೆ 12, ರಿಪೇರಿಗೆ 6. ಆ ದುಡ್ಡಿಗೆ ಒಮೆಗಾ ಕನಸು ಬಿಟ್ಟುಬಿಡು, ಫಾವ್ರೆ ಲ್ಯೂಬಾದ ಸೀ ಚೀಫ್ ಮಾದರಿ, ವೆಸ್ಟ್ ಎಂಡ್, ಹಳೇ ಟಿಸ್ಸೋ ಇಂಥವನ್ನು ಹುಡುಕು ಅಂದೆ. ಟಿಸ್ಸೋ ಮತ್ತು ಒಮೆಗಾ 1930ರಿಂದಲೇ ಒಂದೇ ಗುಂಪಿನ ಕಂಪನಿಗಳು. ಹೆಸರಿನ ತೂಕ ಬೇರೆ ಬೇರೆ, ಅಷ್ಟೇ. ಇವತ್ತಿಗೂ ಹಳೇ ಟಿಸ್ಸೋ ಅಗ್ಗವಾಗಿ ಸಿಗುವುದು ನನಗಂತೂ ಆಶ್ಚರ್ಯ.

ಅಗ್ಗ ಯಾಕೆ ಅಂತ ಅವನು ಕೇಳಿದ. 1969ರ ಡಿಸೆಂಬರಿನಲ್ಲಿ ಜಪಾನಿನ ಸೇಕೋ ಆಸ್ಟ್ರಾನ್ ಅನ್ನುವ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ಬಂತು. ಬ್ಯಾಟರಿ ಹಾಕಿದರೆ ಸಾಕು, ಕೀ ಕೊಡುವುದೇ ಬೇಡ, ಟೈಮೂ ಹೆಚ್ಚು ಕರಾರುವಾಕ್ಕು. ಕೀ ಕೊಡುವ ವಾಚನ್ನು ಕೇಳುವವರು ಕಮ್ಮಿಯಾದರು. 1970ರ ಹೊತ್ತಿಗೆ ಸ್ವಿಸ್ ವಾಚು ಉದ್ಯಮದಲ್ಲಿ ಸುಮಾರು 90 ಸಾವಿರ ಜನ ಕೆಲಸ ಮಾಡುತ್ತಿದ್ದರು. 80ರ ದಶಕದ ನಡುವೆ ಅದು 30 ಸಾವಿರದ ಆಸುಪಾಸಿಗೆ ಇಳಿಯಿತು. ಎಷ್ಟೋ ಹೆಸರುಗಳು ಬಾಗಿಲು ಹಾಕಿದವು. ಈಗ ಡ್ರಾಯರ್‌ಗಳಲ್ಲಿ ಉಳಿದಿರುವುದು ಆ ಮನೆತನಗಳ ಮಕ್ಕಳು. ನಮ್ಮ ಎಚ್‌ಎಂಟಿ ವಾಚಿನ ಕತೆಯೂ 2016ಕ್ಕೆ ಮುಚ್ಚುವ ತೀರ್ಮಾನದಲ್ಲಿ ಕೊನೆಯಾಯಿತು. ಜಾಲಹಳ್ಳಿಯ ಕಡೆ ಹೋದಾಗೆಲ್ಲ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ. ಇರಲಿ, ಅದು ಬೇರೆ ಬರಹ.

ಕತ್ತಲಲ್ಲಿ ಹೊಳೆಯುವ ಮುಳ್ಳಿನ ವಿಷಯ ಮರೆಯಬಾರದು. 1960ಕ್ಕಿಂತ ಹಿಂದಿನ ವಾಚುಗಳಲ್ಲಿ ಅದು ನಿಜವಾದ ರೇಡಿಯಂ, ಅಂದರೆ ವಿಕಿರಣ ಸೂಸುವ ಪದಾರ್ಥ, ಆಗಿರಬಹುದು. ಈಗ ಹೊಳೆಯುವುದಿಲ್ಲ, ಹೊಳೆಸುವ ಪುಡಿ ಸುಟ್ಟುಹೋಗಿರುತ್ತದೆ. ಆದರೆ ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು, ಅದು ಅಲ್ಲೇ ಇರುತ್ತದೆ. ಅಂಥ ವಾಚನ್ನು ಮನೆಯಲ್ಲಿ ಚಾಕು ಹಾಕಿ ತೆಗೆಯುವುದು, ಮುಳ್ಳು ಕೆರೆಯುವುದು, ಪುಡಿಗೆ ಉಫ್ ಅಂತ ಊದುವುದು ಬೇಡ. ಆರು ಗಂಟೆಯ ಕೆಳಗೆ ಸ್ವಿಸ್ ಪದದ ಎರಡೂ ಬದಿಗೆ 'ಟಿ' ಅಕ್ಷರ ಇದ್ದರೆ ಅದು ಟ್ರಿಟಿಯಂ. ಅದೂ ವಿಕಿರಣದ್ದೇ, ಆದರೆ 12 ವರ್ಷಕ್ಕೆ ಅರ್ಧ ಆಗುತ್ತದೆ, ರೇಡಿಯಂನಷ್ಟು ಭಯ ಇಲ್ಲ. ಹೊಸಬರು ಹೊಳೆಯುವ ಬಣ್ಣವೇ ಇಲ್ಲದ ಡಯಲ್ಲು ಆರಿಸಿಕೊಂಡರೆ ಈ ತಲೆನೋವೇ ಇಲ್ಲ.

ಕೊಂಡಮೇಲೆ ಬಾಳಿಸುವುದು ಸುಲಭ. ಬೆಳಗ್ಗೆ ಕಾಫಿ ಕುಡಿಯುವಾಗ ಕೀ ಕೊಡುವುದು. ಬಿಗಿ ಅನಿಸಿದ ಕಡೆ ನಿಲ್ಲಿಸುವುದು. ತಾರೀಕು ಇರುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಕು ತಿರುಗಿಸದೆ ಇರುವುದು, ಆಗ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಹಿಂದೆ ವಾಟರ್‌ಪ್ರೂಫ್ ಅಂತ ಕೆತ್ತಿರುವುದನ್ನು ನಂಬದೆ ಇರುವುದು. ಅದು ಅಜ್ಜ ಹುಡುಗನಾಗಿದ್ದಾಗಿನ ಮಾತು. ಒಳಗಿನ ರಬ್ಬರ್ ಯಾವತ್ತೋ ಹೋಗಿರುತ್ತದೆ. ಮಳೆ ಬಂದರೆ ಜೇಬಿಗೆ, ಕೈ ತೊಳೆಯುವಾಗ ಪಕ್ಕಕ್ಕೆ. ಗಾಜು ಪ್ಲಾಸ್ಟಿಕ್ಕಿನದಾಗಿದ್ದರೆ ಗೀರು ಬಿದ್ದಾಗ ಮೆತ್ತನೆ ಬಟ್ಟೆಯ ಮೇಲೆ ಚೂರು ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಹೋಗುತ್ತದೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಓಡಿದರೆ ಬೈಯಬಾರದು. ಸರಿಯಾದ ಟೈಮು ಬೇಕಿದ್ದರೆ ಫೋನಿದೆ.

ಇಷ್ಟೆಲ್ಲ ಕೇಳಿಸಿಕೊಂಡು ಹುಡುಗ ಹೋದ. ಅವತ್ತು ರಾತ್ರಿ ಮತ್ತೆ ಫೋಟೋ ಬರಲಿಲ್ಲ. ಬೇಸರ ಮಾಡಿಕೊಂಡಿರಬೇಕು ಅಂದುಕೊಂಡೆ. ಮೂರು ವಾರದ ನಂತರ ಅಕ್ಕ ಫೋನ್ ಮಾಡಿದಳು. "ಏನೋ ಹೇಳಿಕೊಟ್ಟಿದೀಯ ಇವನಿಗೆ? ಶನಿವಾರ ಆದ್ರೆ ಚಿಕ್ಕಪೇಟೆಗೆ ಹೋಗಿ ಯಾವುದೋ ಮೆಟ್ಟಿಲ ಕೆಳಗೆ ಕೂತಿರ್ತಾನಂತೆ."

ಮುಂದಿನ ಶನಿವಾರ ನಾನೂ ಹೋದೆ. ಭಾಯ್ ಅವನಿಗೊಂದು ಸ್ಟೂಲ್ ಹಾಕಿಕೊಟ್ಟಿದ್ದರು. ಎದುರಿಗೆ ಒಂದು ವೆಸ್ಟ್ ಎಂಡ್ ಬಿಚ್ಚಿಟ್ಟಿತ್ತು. ಕೆನೆ ಬಣ್ಣದ ಡಯಲ್ಲು, ನಾಲ್ಕು ಗಂಟೆಯ ಹತ್ತಿರ ಚಹಾ ಚೆಲ್ಲಿದಂಥ ಕಲೆ. ನಿಧನರಾದ ಒಬ್ಬ ಮೇಷ್ಟರದಂತೆ, ಮನೆಯವರು ತಂದುಕೊಟ್ಟಿದ್ದಾರೆ. ಹುಡುಗನ ಒಂದು ಕಣ್ಣಿಗೆ ಭಾಯ್ ಅವರ ಭೂತಗನ್ನಡಿ. ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

"ಎಷ್ಟಂತೆ?" ಅಂದೆ.

"ಶ್ಶ್, ಮಾಮ," ಅಂದ, ತಲೆ ಎತ್ತದೆ. "ಇನ್ನೂ ರೇಟು ಕೇಳಿಲ್ಲ. ನಿಮಿಷದ ಗೆರೆ ಎಣಿಸ್ತಿದೀನಿ."